ಪೊರೆ ಹಾಕುವ ಹೊತ್ತು

ಸಾರಿಗೆ ಒಗ್ಗರಣೆ ಹಾಕಿದ್ದು, ಅತ್ತೆಯ ಮಾತ್ರೆ ಎತ್ತಿಟ್ಟಿದ್ದು, ಲ್ಯಾಬಿಗೆ ಬಂದು ಬಕೆಟ್ಟಿಗೆ ಐಸ್ ತುಂಬಿದ್ದು, ಸೆಂಟ್ರಿಫ್ಯೂಜಿನ ರೋಟರ್ ತಣ್ಣಗಾಗಲು ಇಟ್ಟಿದ್ದು. ಆ ಮಂಗಳವಾರ ಬೆಳಿಗ್ಗೆ ಇಷ್ಟಾಗಿತ್ತು. ಮೂರು ವರ್ಷದ ಹಿಂದಿನ ಮಾತು. ನಾಗರಬಾವಿ ಹತ್ತಿರದ ಒಂದು ಜೀವರಸಾಯನ ಲ್ಯಾಬಿಗೆ ನಾನು ಮುಖ್ಯಸ್ಥೆಯಾಗಿ ಬಂದ ಹೊಸತು.

ನಾಯಂಡಹಳ್ಳಿಯ ರೂಪಾ ನನ್ನ ಸಂಶೋಧನಾ ವಿದ್ಯಾರ್ಥಿನಿ. ಗುರುವಾರ ಸಮಿತಿಯ ಮುಂದೆ ಫಲಿತಾಂಶ ತೋರಿಸದಿದ್ದರೆ ಅವಳ ಫೆಲೋಶಿಪ್ ನಿಲ್ಲುತ್ತಿತ್ತು. ಜೀವಕೋಶದಲ್ಲಿ ರೈಬೋಸೋಮ್ ಎಂಬ ಯಂತ್ರ ಪ್ರೋಟೀನನ್ನು ಎಳೆಯಾಗಿ ಹೊರಬಿಡುತ್ತದೆ. ಕೆಲವು ಪ್ರೋಟೀನುಗಳು ಕೊಬ್ಬಿನ ಪೊರೆಯೊಳಗೆ ನೆಲೆಯೂರಬೇಕು. ಒಳಹೊಕ್ಕಿವೆಯೋ, ಬರೀ ಮೇಲೆ ಅಂಟಿವೆಯೋ ತಿಳಿಯಲು ಸೋಡಿಯಂ ಕಾರ್ಬೋನೇಟಿನಲ್ಲಿ ತೊಳೆಯುತ್ತೇವೆ. ಅಂಟಿದ್ದು ಹೋಗುತ್ತದೆ, ಹೊಕ್ಕಿದ್ದು ಉಳಿಯುತ್ತದೆ. ರೂಪಾಳದ್ದು ಪ್ರತಿ ಸಲವೂ ತೊಳೆದು ಹೋಗುತ್ತಿತ್ತು.

"ಈ ಪ್ರೋಟೀನೇ ಸರಿಯಿಲ್ಲ ಮೇಡಂ, ಬಿಟ್ಟುಬಿಡ್ತೀನಿ" ಎಂದಳು. ನಾನು ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು, ನನ್ನೆದುರು ಒಮ್ಮೆ ಮಾಡು ಎಂದೆ. ಜೀವಕೋಶದಿಂದ ತೆಗೆದ ರೈಬೋಸೋಮ್ ದ್ರವ ಹಾಕಿದ ಟ್ಯೂಬಿನಲ್ಲಿ ಪ್ರೋಟೀನ್ ತಯಾರಾಯಿತು. ಆಮೇಲೆ ಸುಮ್ಮನೆ ಕಾಯುತ್ತಾ ಕೂತಳು. ಕೇಳಿದರೆ, ಬೇರೆಯಾಗಿ ತೆಗೆದಿಟ್ಟ ಪೊರೆಯನ್ನು ಟ್ಯೂಬಿಗೆ ಹಾಕುವುದು ಸಂಜೆಗಂತೆ.

ಅದು ಆ ಲ್ಯಾಬಿನ ರೂಢಿ. ಫ್ರೀಜರಿನಲ್ಲಿಟ್ಟ ಪೊರೆಯ ಪುಟ್ಟ ಸೀಸೆಯನ್ನು, ಅಂದರೆ ವಯಲನ್ನು, ಪದೇಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಕೆಡುತ್ತದೆ. ಅದಕ್ಕೆ ಎಲ್ಲರೂ ತಮ್ಮ ಪ್ರೋಟೀನ್ ತಯಾರಿಸಿಟ್ಟು, ವಯಲನ್ನು ಒಂದೇ ಸಲ ತೆಗೆದು ಹಂಚಿಕೊಳ್ಳುತ್ತಿದ್ದರು.

"ನಮಗೆಲ್ಲ ಹಿಂಗೇ ಮಾಡಿ ರಿಸಲ್ಟ್ ಬಂತಲ್ಲ ಮೇಡಂ. ಇವಳ ಕೈಗುಣಾನೇ ಹಂಗೆ" ಎಂದ ಸೀನಿಯರ್ ವಿದ್ಯಾರ್ಥಿ ಹರೀಶ.

"ಕ್ಯಾಂಟೀನಲ್ಲಿ ಜೇಬಿಗೇ ಹೋಗದ ಕೈ ನಿಂದು, ಸುಮ್ನಿರೋ" ಎಂದಳು ರೂಪಾ.

ಹರೀಶನಿಗೆ ಬಂದದ್ದು ನಿಜ. ಅವನ ಪ್ರೋಟೀನಿನಲ್ಲಿ ಪೊರೆಗೆ ಹೊಗುವ ಭಾಗ ಬಾಲದ ತುದಿಯಲ್ಲಿತ್ತು. ಪೂರ್ತಿ ತಯಾರಾದ ಮೇಲೂ ಅದನ್ನು ಒಯ್ದು ಸೇರಿಸುವ ಸಹಾಯಕ ಪ್ರೋಟೀನುಗಳಿವೆ. ರೂಪಾಳದ್ದರಲ್ಲಿ ಆ ಭಾಗ ಶುರುವಿನಲ್ಲೇ ಇತ್ತು. ಅಂಥದ್ದು ರೈಬೋಸೋಮ್ ಸಮೇತ ಪೊರೆಯ ಬಾಗಿಲಿಗೆ ಬಂದು, ತಯಾರಾಗುತ್ತಿರುವಂತೆಯೇ ಒಳಸೇರಬೇಕು. ತಡವಾದರೆ ಮುದ್ದೆಗಟ್ಟುತ್ತದೆ.

"ಶಾವಿಗೆ ಒತ್ತಿ ಆದ್ಮೇಲೆ ತಟ್ಟೆ ಇಡ್ತಾರೇನೇ?" ಎಂದೆ.

ರೂಪಾ ಎದ್ದು ಫ್ರೀಜರ್ ತೆರೆದು ನೋಡಿದಳು. "ಹಂಗಾದ್ರೆ ನಾಳೆ ಮೊದಲೇ ಪೊರೆ ಹಾಕ್ಬೇಕು ಮೇಡಂ. ಇವತ್ತು ಸಂಜೇದು ಎಲ್ರಿಗೂ ಪಾಲಾಗಿದೆ. ಆಮೇಲೆ ಉಳಿಯೋದು ಒಂದೇ ವಯಲ್, ಅದು ಹರೀಶಂಗೆ ಅಂತ ಇಟ್ಟಿರೋದು."

"ತಗೋ. ನಂದು ಹೊಸದು ಬಂದ್ಮೇಲೆ ಮಾಡ್ಕೋತೀನಿ" ಎಂದ ಹರೀಶ.

ಬುಧವಾರ ಒಂದು ಟ್ಯೂಬಿಗೆ ಪೊರೆಯನ್ನು ಮೊದಲೇ ಹಾಕಿದೆವು, ಇನ್ನೊಂದಕ್ಕೆ ಪ್ರೋಟೀನ್ ತಯಾರಾದ ಮೇಲೆ. ತೊಳೆದು, ಉಳಿದದ್ದನ್ನು ಪ್ರೋಟೀನ್ ಬೇರ್ಪಡಿಸುವ ಜೆಲ್ಲಿನಲ್ಲಿ ಹರಿಸಿ ಚಿತ್ರ ತೆಗೆದರೆ ಎರಡನೆಯದರಲ್ಲಿ ಏನೂ ಇಲ್ಲ. ಮೊದಲನೆಯದರಲ್ಲಿ ಪ್ರೋಟೀನಿನ ಪಟ್ಟಿ ದಪ್ಪಗೆ, ಕಪ್ಪಗೆ ನಿಂತಿತ್ತು. ಗುರುವಾರ ಸಮಿತಿಗೆ ಅದೊಂದು ಚಿತ್ರವೇ ಸಾಕಾಯಿತು, ಫೆಲೋಶಿಪ್ ಮುಂದುವರಿಯಿತು. ರೂಢಿ ಕೆಟ್ಟದ್ದಾಗಿರಲಿಲ್ಲ, ಅದು ಬೇರೆ ಪ್ರೋಟೀನಿಗೆ ಹುಟ್ಟಿದ್ದಾಗಿತ್ತು. ಈಗ ಯಾರೇ ಹೊಸ ಕೆಲಸ ಶುರುಮಾಡಲಿ, ಲ್ಯಾಬಿನ ಒಂದೊಂದು ರೂಢಿಯೂ ಯಾವುದಕ್ಕಾಗಿ ಬಂತೆಂದು ಮೊದಲು ಕೇಳಿ ತಿಳಿದುಕೊಳ್ಳಲು ಹೇಳುತ್ತೇನೆ.

ಆ ಗುರುವಾರ ಸಂಜೆ ಇಬ್ಬರನ್ನೂ ಬಸವೇಶ್ವರನಗರದ ನಮ್ಮ ಮನೆಗೆ ಕರೆತಂದೆ. ಮುದ್ದೆ, ಬಸ್ಸಾರು, ಪಲ್ಯ ಆಯಿತು. ಹರೀಶ ಇನ್ನೂ ಮಜ್ಜಿಗೆ ಹಾಕಿಸಿಕೊಳ್ಳುತ್ತಿದ್ದ. ರೂಪಾ ಸೋಫಾದಲ್ಲಿ ಕೂತಲ್ಲೇ ನಿದ್ದೆಹೋಗಿದ್ದಳು.