ರಬ್ಬರ್ ಅಟ್ಟೆಯ ಬೂಟು

ಎಪ್ಪತ್ತರ ದಶಕದ ಕೊನೆಗೆ ಸವಣೂರಿನ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮೇಲ್ವಿಚಾರಕನಾಗಿ ಸೇರಿದೆ. ಹಂಸಭಾವಿ ಬಿಟ್ಟು ಹೊರಗಿದ್ದದ್ದು ಅದೇ ಮೊದಲು. ಕರೆಂಟೆಂದರೆ ನನಗೆ ಆಗಲೂ ಭಯ, ಈಗಲೂ ಭಯ; ಸ್ವಿಚ್ಚನ್ನು ಪೆನ್ಸಿಲ್ಲಿನಿಂದ ಒತ್ತುವವರ ಪೈಕಿ. ಮೊದಲ ಸಂಬಳದಲ್ಲೇ ದಪ್ಪ ರಬ್ಬರ್ ಅಟ್ಟೆಯ ಬೂಟು ಕೊಂಡೆ.

ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರೂ ದುಂಡಗೆ ಕೂತು ಎಲೆ-ಅಡಿಕೆಯ ಚೀಲವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಯಂತ್ರಕ್ಕೆ ಹತ್ತಿ ಹಾಕುವ ಹತ್ತಿಮತ್ತೂರಿನ ಅಕ್ಕ ಒಮ್ಮೆ ನನ್ನತ್ತಲೂ ಚೀಲ ಚಾಚಿದಳು. ನಾನು ಆಗಷ್ಟೇ ಯಂತ್ರ ತಿರುಗಿಸುವ ಬೆಲ್ಟಿನ ಕೆಳಗೆ ಬಹಳ ಹೊತ್ತು ನಿಂತು ಬಂದಿದ್ದೆ. ಬೆರಳು ತಾಗಿದ್ದೇ ತಡ, ಚಟ್ ಎಂದು ಕಿಡಿ.

"ಅಯ್ಯ ನಮ್ಮವ್ವ! ಸಾಹೇಬ್ರ ಮೈಯಾಗ ಕರೆಂಟ್ ಐತಿ!"

ಅಂದಿನಿಂದ ಚೀಲ ನನ್ನನ್ನು ದಾಟಿ ಹೋಗತೊಡಗಿತು. "ಸರೀರ್ಯೋ, ಕಂಬ ಬಂತು" ಎಂದು ನಕ್ಕು ಜಾಗ ಬಿಡುತ್ತಿದ್ದರು. ನಾನೂ ದೂರವೇ ನಿಂತೆ. ಸುತ್ತ ಅರಳೆಯ ರಾಶಿ, ನನ್ನ ಬೆರಳಿನಿಂದಲೇ ಬೆಂಕಿ ಹತ್ತಿದರೆ? ಬೆಂಕಿ ಆರಿಸಲು ಇಟ್ಟಿದ್ದ ಮರಳಿನ ಬಕೆಟ್ಟುಗಳ ಪಕ್ಕದಲ್ಲಿ ಒಬ್ಬನೇ ಬುತ್ತಿ ಬಿಚ್ಚುತ್ತಿದ್ದೆ. ಇಡೀ ಚಳಿಗಾಲದಲ್ಲಿ ನನ್ನನ್ನು ಒಬ್ಬರೂ ಮುಟ್ಟಲಿಲ್ಲ. ಬಾಡಿಗೆ ಕೋಣೆಯಲ್ಲಂತೂ ಮುಟ್ಟಲು ಯಾರಿದ್ದರು?

ಕೊನೆಗೆ, ನನ್ನೊಬ್ಬನ ಮೈಯಲ್ಲೇ ಯಾಕೆ ಹೀಗೆ ಎಂದು ಯಂತ್ರ ರಿಪೇರಿಯ ಮುದುಕ ಫಿಟ್ಟರನನ್ನು ಕೇಳಿದೆ. ಅವನು ಬೆಲ್ಟಿನ ಹತ್ತಿರ ಬಿಗಿದಿದ್ದ ತಾಮ್ರದ ತಂತಿಯನ್ನು ತೋರಿಸಿದ. ಅದರ ಇನ್ನೊಂದು ತುದಿ ಹಸಿ ಮಣ್ಣಿನಲ್ಲಿ ಹೂತಿತ್ತು.

"ಒಣ ಹವಾದಾಗ ಬೆಲ್ಟ್ ರಾಟಿಗೆ ತಿಕ್ಕಿ ತಿಕ್ಕಿ ಕರೆಂಟ್ ಹುಟ್ಟತೈತ್ರಿ. ಒಂದೀಟು ಈ ತಂತ್ಯಾಗ ಇಳೀತೈತಿ. ನಮಗ ಹತ್ತಿದ್ದು ಬರಿಗಾಲಾಗ ನೆಲಕ್ಕ ಇಳೀತೈತಿ. ನಿಮ್ಮದು ಎಲ್ಲಿ ಇಳೀಬೇಕ್ರಿ, ಈ ಬೂಟ ಹಾಕ್ಕೊಂಡು?"

ಕರೆಂಟು ಹತ್ತದಿರಲೆಂದು ಕೊಂಡ ಬೂಟೇ ನನ್ನಲ್ಲಿ ಕರೆಂಟು ಕೂಡಿಹಾಕಿತ್ತು. ಇಂಥ ಜಾಣತನ ನನಗೇ ಸಾಧ್ಯ.

ಮರುದಿನ ಬೂಟು ಬಿಚ್ಚಿ, ನೀರು ಚಿಮುಕಿಸಿದ್ದ ಕಲ್ಲುನೆಲದ ಮೇಲೆ ಬರಿಗಾಲಲ್ಲಿ ಹೋಗಿ ಆ ದುಂಡಿನ ಅಂಚಿಗೆ ಕೂತೆ. ಚೀಲ ಬಂತು, ನನ್ನ ಪಕ್ಕದವನ ಕೈಯಲ್ಲಿ ತಡೆಯಿತು, ರೂಢಿಯಂತೆ ಆಚೆ ಹೊರಟಿತು. ನಾನು ಕೈ ಚಾಚಿದೆ. ಯಾರೂ ಅಲುಗಲಿಲ್ಲ.

"ಕೊಡ ಇಲ್ಲೆ," ಎಂದು ಅಕ್ಕ ಚೀಲ ಕಿತ್ತುಕೊಂಡಳು. ಎಲೆಗೆ ಸುಣ್ಣ ಹಚ್ಚಿ, ಕಣ್ಣು ಮುಚ್ಚಿಕೊಂಡು ನನ್ನ ಅಂಗೈಗೆ ಒತ್ತಿದಳು. ಏನೂ ಆಗಲಿಲ್ಲ.

"ಹೋತಲ್ರಿ ಕರೆಂಟು!"

ನಾನು ಎಲೆ ತಿಂದವನೇ ಅಲ್ಲ. ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಉಗುಳಲಿಲ್ಲ.