ತವರಿನ ಹಸುವನ್ನು ಹೂತ ದಿನ

ಸಿದ್ದಾಪುರದಿಂದ ಕತ್ರಿಗುಪ್ಪೆಗೆ ಸೊಸೆಯಾಗಿ ಬಂದಾಗ ಅಪ್ಪ ನನ್ನ ಜೊತೆ ಒಂದು ಕಂದು ಹಸುವನ್ನು ಕಳಿಸಿದ್ದರು. ಕತ್ರಿಗುಪ್ಪೆ ಆಗಿನ್ನೂ ಹಳ್ಳಿ. ಜಯನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು, ನಮ್ಮ ಹಾಲು ಅಲ್ಲಿಗೆ ಹೋಗುತ್ತಿತ್ತು. ಆ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಹಸು ಸತ್ತುಬಿದ್ದಿತ್ತು. ಹಿಂದಿನ ಸಂಜೆ ಚೆನ್ನಾಗಿಯೇ ಮೇವು ತಿಂದಿತ್ತು. ಮೂಗಿನಿಂದ ಕಪ್ಪು ರಕ್ತ ಒಸರುತ್ತಿತ್ತು.

ಪಕ್ಕದ ಮನೆಯಾಕೆ ಬಂದು ನೋಡಿ, ಇದೆಲ್ಲ ಹೊಸ ಸೊಸೆಯ ಕಾಲ್ಗುಣ ಎಂದು ನನಗೆ ಕೇಳುವಂತೆಯೇ ಹೇಳಿದಳು. ನನಗೆ ಅಳುವುದಕ್ಕೂ ಭಯವಾಯಿತು.

ಸತ್ತ ದನವನ್ನು ಕೆರೆಯಂಗಳಕ್ಕೆ ಎಳೆದುಹಾಕಿ, ಚರ್ಮ ಸುಲಿಯುವವರಿಗೆ ಹೇಳಿಕಳಿಸುವುದು ಊರಿನ ರೂಢಿ. ಮಾವ ಹಗ್ಗ ತಂದರು. ಅತ್ತೆ ಒಪ್ಪಲಿಲ್ಲ. ಅವರ ತವರೂರಿನಲ್ಲಿ ಹೀಗೆ ಸತ್ತ ದನವನ್ನು ಕುಯ್ದವನ ಕೈಮೇಲೆ ಕಪ್ಪು ಹುಣ್ಣೆದ್ದು ಅವನು ತೀರಿಕೊಂಡಿದ್ದನಂತೆ. ಉಳಿದ ದನಗಳನ್ನು ಹೊಂಗೆಮರದಡಿ ಕಟ್ಟಿಸಿ, ತಾವು ಕೊಟ್ಟಿಗೆಯ ಬಾಗಿಲಲ್ಲೇ ನಿಂತು, ನನ್ನ ಗಂಡನನ್ನು ದನದ ಡಾಕ್ಟರ ಹತ್ತಿರ ಸೈಕಲ್ಲಿನಲ್ಲಿ ಓಡಿಸಿದರು.

ಡಾಕ್ಟರು ಬಂದು ಹಸುವಿನ ಕಿವಿಯಿಂದ ಒಂದು ಹನಿ ರಕ್ತವನ್ನು ಪರೀಕ್ಷೆಗೆಂದು ಗಾಜಿನ ಪಟ್ಟಿಯ ಮೇಲೆ ತೆಗೆದುಕೊಂಡರು. ನೆರಡಿ ರೋಗದ, ಅಂದರೆ ಆಂಥ್ರಾಕ್ಸಿನ, ಹಾಗೆ ಕಾಣುತ್ತದೆ ಎಂದರು.

"ಕುಯ್ಯೋದು ಬೇಡ ಯಜಮಾನ್ರೇ, ಎಳ್ಕೊಂಡೂ ಹೋಗ್ಬೇಡಿ. ಈ ರಕ್ತ ಬಿದ್ದ ಮಣ್ಣಲ್ಲಿ ರೋಗ ವರ್ಷಾನುಗಟ್ಟಲೆ ಇರುತ್ತೆ. ಮನುಷ್ಯರಿಗೂ ಬರುತ್ತೆ. ಬಾವಿ, ಕೆರೆಗೆ ದೂರವಾಗಿ ಎತ್ತರದಲ್ಲಿ ಹೂತುಬಿಡಿ."

ಅಂಥ ಜಾಗ ನಮ್ಮ ಹುರುಳಿ ಹೊಲದಲ್ಲಿ ಮಾತ್ರ ಇತ್ತು. ಮಾವ ಹಗ್ಗ ಬಿಟ್ಟು ಗುದ್ದಲಿ ಎತ್ತಿಕೊಂಡರು. ಆಳವಾದ ಗುಂಡಿ ತೋಡಿದರು. ಡಾಕ್ಟರು ಹೇಳಿದಂತೆ ಹಸುವಿನ ಮೂಗು ಬಾಯಿಗೆ ಬಟ್ಟೆ ತುರುಕಿ, ಗಾಡಿಯಲ್ಲಿ ಸಾಗಿಸಿ, ಸುಣ್ಣ ಸುರಿದು ಹೂತರು. ನಾಯಿಗಳು ಕೆದಕದಂತೆ ಮೇಲೆ ಮುಳ್ಳು ಹೊದಿಸಿದರು. ಹಸು ಮಲಗಿದ್ದ ಕಡೆಯ ಹುಲ್ಲನ್ನೆಲ್ಲ ಸುಟ್ಟರು.

ಸಂಜೆ ಪಕ್ಕದ ಮನೆಯಾಕೆ ಮತ್ತೆ ಬಂದಾಗ ಅತ್ತೆ ಹೇಳಿದ್ದಿಷ್ಟೇ:

"ನಮ್ಮ ಹುಡುಗಿದು ಏನೂ ತಪ್ಪಿಲ್ಲ ಕಣಮ್ಮ. ಅದು ರೋಗ, ಡಾಕ್ಟ್ರೇ ಹೇಳವ್ರೆ. ಅವ್ರು ಸೂಜಿ ತತ್ತಾರಂತೆ, ನಿಮ್ಮ ಎಮ್ಮೆಗೂ ಹಾಕಿಸು."

ಆಗ ನನಗೆ ಅಳು ತಡೆಯಲಾಗಲಿಲ್ಲ.

ಡಾಕ್ಟರು ಲಸಿಕೆ ತಂದ ದಿನ ಹಾಲು ಬತ್ತೀತೆಂದು ಜನ ಹಿಂಜರಿದರು. ಅತ್ತೆ ನಮ್ಮ ದನಗಳನ್ನೇ ಮೊದಲು ನಿಲ್ಲಿಸಿದರು. ಅವುಗಳ ಹಗ್ಗ ಹಿಡಿದು ನಿಂತವಳು ನಾನು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯಾಕೆಯೂ ಎಮ್ಮೆ ಹೊಡೆದುಕೊಂಡು ಬಂದಳು. ಆ ಮಳೆಗಾಲದಲ್ಲಿ ಊರಿನಲ್ಲಿ ಬೇರೆ ಯಾವ ದನವೂ ಸಾಯಲಿಲ್ಲ.

ಮುಂದಿನ ವರ್ಷ ಊರ ಕೊನೆಯ ಮನೆಯಲ್ಲಿ ಒಂದು ಕುರಿ ಇದ್ದಕ್ಕಿದ್ದಂತೆ ಸತ್ತಿತು. ಅದನ್ನು ಯಾರೂ ಮುಟ್ಟಲಿಲ್ಲ. ಡಾಕ್ಟರಿಗೆ ಹೇಳಲು ಆ ಮನೆಯವರೇ ಸೈಕಲ್ ಹತ್ತಿದ್ದರು.