ತಂಗಿಯ ಮನೆಯ ಹಲಗೆಯ ಮೇಲೆ ಅವ್ವ

ನನ್ನ ಎದೆಯ ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ವರದಿ ಬರುವ ಮೊದಲು ತಂಗಿಗೆ ಹೇಳಿ ಬರೋಣವೆಂದು ಕಲಬುರಗಿಯಿಂದ ಕಮಲಾಪುರಕ್ಕೆ ಹೋದೆ. ಅವಳು ಅಲ್ಲಿಯ ಕ್ಯಾಥೊಲಿಕ್ ಮನೆಯ ಸೊಸೆ. ನಾನು ಹುಟ್ಟಿದ ಪ್ರಾಟೆಸ್ಟೆಂಟ್ ಸಭೆಯಲ್ಲೇ ಉಳಿದವಳು.

ಅವ್ವ ಇದ್ದಾಗ ಇಂಥ ಸುದ್ದಿಯನ್ನು ಮೊದಲು ಅವಳಿಗೇ ಹೇಳುತ್ತಿದ್ದೆವು. ಊರವರೂ ಅಷ್ಟೇ. ಮೋಮಿನಪುರದ ಮುಸ್ಲಿಂ ಬಳೆಗಾರ್ತಿ ಕೂಡ ತನಗಾಗಿ ಪ್ರಾರ್ಥಿಸು ಎಂದು ಬಂದಿದ್ದಳು. ನೋವು ಯಾವ ಕಣ್ಣಿಗೆ, ಯಾವ ಮೊಣಕಾಲಿಗೆ, ಎಡವೋ ಬಲವೋ ಎಂದು ಕೇಳಿ ತಿಳಿದುಕೊಂಡೇ ಅವ್ವ ಮಂಡಿಯೂರುತ್ತಿದ್ದಳು. ಕೊನೆಯ ವರ್ಷ ಅವಳ ಮೈ ಒರೆಸಿದವಳು, ತುತ್ತು ತಿನ್ನಿಸಿದವಳು ನಾನು. ಮಣ್ಣು ಮಾಡಿದ ಮೇಲೆ ನಮ್ಮ ಪಾಸ್ಟರು, ಅವಳು ಕರ್ತನಲ್ಲಿ ವಿಶ್ರಮಿಸುತ್ತಿದ್ದಾಳೆ, ಇನ್ನು ಕರೆಯಬಾರದು ಎಂದರು. ನಮ್ಮಲ್ಲಿ ನಂಬಿದವರೆಲ್ಲರೂ ಪರಿಶುದ್ಧರೇ, ಆದರೆ ತೀರಿಕೊಂಡವರಿಗೆ ಮೊರೆಯಿಡುವುದಿಲ್ಲ. ಅಂದಿನಿಂದ ನಾನು ಅವ್ವನೊಂದಿಗೆ ಮಾತಾಡಿಲ್ಲ.

ತಂಗಿಯ ಮನೆಯಲ್ಲಿ ಮಾತೆ ಮರಿಯಳ ಪ್ರತಿಮೆ, ಪಕ್ಕದಲ್ಲಿ ಒಬ್ಬ ಸಂತರ ಪಟ, ಕೆಳಗಿನ ಹಲಗೆಯ ಮೇಲೆ ಅವ್ವನ ಫೋಟೊ. ಒಲೆ ಹಚ್ಚುವ ಮೊದಲು ತಂಗಿ ಅಲ್ಲಿ ನಿಂತು, ಮಗನ ಕೆಮ್ಮಿನಿಂದ ಹಿಡಿದು ಅತ್ತೆಯ ಸಿಟ್ಟಿನವರೆಗೆ ಎಲ್ಲವನ್ನೂ ಫೋನಿನಲ್ಲಿ ಹೇಳಿದಂತೆ ಅವ್ವನಿಗೆ ಹೇಳಿದಳು. ನನಗೆ ಹೊಟ್ಟೆ ಉರಿಯಿತು. ಸೇವೆ ಮಾಡಿದವಳು ನಾನು, ಅವ್ವ ಉಳಿದದ್ದು ಅವಳಿಗೆ.

“ಅವ್ವ ನಮ್ಮ ಚರ್ಚಿನಾಕಿ. ನಿಮ್ಮ ಸಂತರ ಸಾಲಿನಾಗ ಯಾಕ ಕೂಡಿಸೀದಿ?” ಎಂದೆ.

“ಸಾಲಿನಾಗ ಎಲ್ಲಿ ಕೂಡಿಸೀನಕ್ಕ, ಕೆಳಗ ಅದಾಳ. ಸಂತಳು ಅಂತ ಹೇಳೋದು ನನ್ನ ಕೈಯಾಗಿಲ್ಲ. ಆಕಿ ಸಲುವಾಗಿನೂ ಬೇಡ್ಕೊ ಅಂತ ಫಾದರ್ ಹೇಳ್ಯಾರ, ಬೇಡ್ಕೋತೀನಿ. ಆದ್ರ ಬದುಕಿದ್ದಾಗ ನನ್ನ ಸಲುವಾಗಿ ಬೇಡ್ಕೊ ಅಂತ ಆಕಿಗೆ ನೀನೂ ಕೇಳ್ತಿದ್ದೆಲ್ಲ. ದೇವರ ಬಾಜೂಕ ಹೋದ ಮ್ಯಾಲ ಬಿಡೋದೇನು?”

ಉತ್ತರ ನನಗೆ ಗೊತ್ತಿತ್ತು. ಭಾನುವಾರದ ಶಾಲೆಯಲ್ಲಿ ಅದನ್ನೇ ಮಕ್ಕಳಿಗೆ ಕಲಿಸಿದವಳು ನಾನು. ಅದನ್ನು ಬಿಟ್ಟು ಗಂಟಿನ ವಿಷಯವನ್ನು ಹೇಳಿದೆ. ತಂಗಿ ನನ್ನ ಕೈ ಹಿಡಿದುಕೊಂಡಳು.

ಬಸ್‌ಸ್ಟ್ಯಾಂಡಿನಲ್ಲಿ, ಕಳಿಸಲು ಬಂದ ತಂಗಿಯನ್ನು, ನನಗಾಗಿ ಪ್ರಾರ್ಥಿಸು ಎಂದು ಕೇಳಿದೆ. ಬದುಕಿರುವವರನ್ನು ಕೇಳಲು ನಮ್ಮಲ್ಲಿ ಅಡ್ಡಿಯಿಲ್ಲ.

“ಅವ್ವಗೂ ಹೇಳ್ಲೇನು?” ಎಂದಳು.

ಬಸ್ಸು ಬಂದು ನಿಂತಿತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದೆ.

“ಎಡಗಡೆ ಅಂತ ಹೇಳು.”

ಸೀಟಿನಲ್ಲಿ ಕುಳಿತ ಮೇಲೂ ಹೊಟ್ಟೆಯ ಉರಿ ಆರಲಿಲ್ಲ. ಈ ಸುದ್ದಿಯನ್ನೂ ಅವ್ವನಿಗೆ ಹೇಳುವವಳು ಅವಳೇ.